ಆಲೂಗಡ್ಡೆಗೆ ಬಂದದ್ದು ಕಜ್ಜಿಯೋ, ಕಿಟ್ಟವೋ, ಚಿಬ್ಬೋ?

ಎಲ್ಲರಿಗೂ ನಮಸ್ಕಾರ. ಆಲೂಗಡ್ಡೆ ಸಿಪ್ಪೆಯ ಮೇಲೆ ಬರುವ ರೋಗಗಳಿಗೆ ನಿಮ್ಮ ಕಡೆ ಏನೇನು ಹೆಸರಿದೆ? ಇಂಗ್ಲಿಷಿನವರು ಸ್ಕ್ಯಾಬ್ ಬೇರೆ, ಸ್ಕರ್ಫ್ ಬೇರೆ ಅಂತ ಇಟ್ಟುಕೊಂಡಿದ್ದಾರೆ. ನಾವು ಎರಡನ್ನೂ ಸೇರಿಸಿ 'ಕಜ್ಜಿ ರೋಗ' ಅಂದುಬಿಟ್ಟಿದ್ದೇವೆ. ಇದರಿಂದ ನಮ್ಮ ಮನೆಯಲ್ಲೇ ಒಂದು ಎಡವಟ್ಟಾಯಿತು. ಅದನ್ನು ಹೇಳಿಯೇ ಕೇಳುತ್ತೇನೆ.

ನಮ್ಮದು ಚಿಂತಾಮಣಿ ಕಡೆ. ದೀಪಾವಳಿ ಕಳೆಯುತ್ತಿದ್ದ ಹಾಗೆ ಚಿಕ್ಕಪ್ಪ ಒಂದೂವರೆ ಎಕರೆಗೆ ಆಲೂಗಡ್ಡೆ ಹಾಕುತ್ತಾರೆ. ಬೀಜ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬಂದದ್ದು. ತಳಿ ಅದೇ ಕುಫ್ರಿ ಜ್ಯೋತಿ. 1968ರಲ್ಲಿ ಬಿಟ್ಟ ತಳಿ, ಇನ್ನೂ ನಮ್ಮನ್ನು ಬಿಟ್ಟಿಲ್ಲ. ಕುಫ್ರಿ ಅನ್ನುವುದು ಶಿಮ್ಲಾ ಹತ್ತಿರದ ಒಂದು ಊರು. ಚಿಕ್ಕಪ್ಪನ ಬಾಯಲ್ಲಿ ಅದು 'ಕುಪ್ಪರಿ'. ಆಲೂಗಡ್ಡೆಯೂ ನಮ್ಮಲ್ಲಿ ಆಲೂಗಡ್ಡೆಯಲ್ಲ, 'ಉರ್ಲಗಡ್ಡೆ'. ಅತ್ತ ತೆಲುಗಿನವರ ಉರ್ಲಗಡ್ಡ, ಇತ್ತ ತಮಿಳಿನವರ ಉರುಳೈಕ್ಕಿಳಂಗು, ನಡುವೆ ನಾವು.

ಎರಡು ವರ್ಷದ ಹಿಂದೆ ಅಗೆದ ಗಡ್ಡೆಗಳ ಮೇಲೆ ಕಪ್ಪು ಚೂರುಗಳು ಅಂಟಿಕೊಂಡಿದ್ದವು. ಚಿಕ್ಕಪ್ಪ ಫೋನ್ ಮಾಡಿ "ಗಡ್ಡೆಗೆ ಗಜ್ಜಿ ಬಂದದೆ ಕಣಪ್ಪಾ, ಏನಾನ ಮದ್ದು ನೋಡು" ಅಂದರು. ಕಜ್ಜಿ ಅನ್ನುವುದು ತೆಲುಗಿನಲ್ಲಿ ಗಜ್ಜಿ, ನಮ್ಮ ಕಡೆ ಎರಡೂ ನಡೆಯುತ್ತದೆ. ನಾನು ಗಡ್ಡೆ ನೋಡಲಿಲ್ಲ, ಪದ ಮಾತ್ರ ಕೇಳಿಸಿಕೊಂಡೆ. ಕನ್ನಡದ ಒಂದು ಕೈಪಿಡಿಯಲ್ಲಿ 'ಕಜ್ಜಿ ರೋಗ' ಅಂತ ಹುಡುಕಿದೆ. ಗಡ್ಡೆ ಕಟ್ಟುವ ಹೊತ್ತಿನಲ್ಲಿ ಮಣ್ಣು ಒಣಗಲು ಬಿಡಬಾರದು, ತೇವ ಇರಬೇಕು ಎಂದಿತ್ತು. ಹಾಗೇ ಓದಿ ಹೇಳಿದೆ. ಮುಂದಿನ ಸಲ ಚಿಕ್ಕಪ್ಪ ಚಳಿಗಾಲದಲ್ಲಿ ಡ್ರಿಪ್ ಜಾಸ್ತಿ ಹೊತ್ತು ಬಿಟ್ಟರು. ಮೊಳಕೆಗಳು ಎಷ್ಟೋ ಕಡೆ ಮಣ್ಣಿನೊಳಗೇ ಕಂದಿಹೋದವು. ಬೆಳೆ ಬಂದಾಗ ಗಿಡ ಒಣಗಿದ ಮೇಲೂ ರೇಟು ಏರಲಿ ಅಂತ ಮೂರು ವಾರ ಗಡ್ಡೆಯನ್ನು ನೆಲದಲ್ಲೇ ಬಿಟ್ಟರು. ಕೊನೆಗೆ ಅಗೆದರೆ ಕಪ್ಪು ಇನ್ನೂ ಜಾಸ್ತಿ. ಮಂಡಿಯಲ್ಲಿ ಮೂಟೆ ಬಿಚ್ಚಿ ನೋಡಿದವರು ಮುಖ ಸಿಂಡರಿಸಿ ಪಕ್ಕಕ್ಕೆ ತಳ್ಳಿದರು.

ಕೈಪಿಡಿಯಲ್ಲಿ ಬರೆದದ್ದು ಸುಳ್ಳಲ್ಲ, ಅದು ಬೇರೆ ರೋಗದ ಮಾತು. ಎಡವಿದ್ದು ಪದದಲ್ಲಿ, ಆ ಪದ ಹಿಡಿದುಕೊಂಡು ಓಡಿದವನು ನಾನು.

ಚಿಕ್ಕಪ್ಪನ ಹೊಲದ್ದು ಬ್ಲ್ಯಾಕ್ ಸ್ಕರ್ಫ್. ರೈಜೋಕ್ಟೋನಿಯ ಸೊಲಾನಿ ಅನ್ನುವ ಶಿಲೀಂಧ್ರದ್ದು. ಜರ್ಮನಿಯ ಯೂಲಿಯಸ್ ಕ್ಯೂನ್ ಇದನ್ನು ಆಲೂಗಡ್ಡೆಯ ಮೇಲೇ ನೋಡಿ 1858ರಲ್ಲಿ ವಿವರಿಸಿದ್ದ. ಆ ಕಪ್ಪು ಚೂರುಗಳು ಶಿಲೀಂಧ್ರ ಗಟ್ಟಿಯಾಗಿ ಮುದುಡಿಕೊಂಡು ಕೂತಿರುವ ಉಂಡೆಗಳು. ನೋಡಿದರೆ ಮಣ್ಣು ಅನ್ನಿಸುತ್ತದೆ, ತೊಳೆದರೆ ಹೋಗುವುದಿಲ್ಲ, ಉಗುರಿನಲ್ಲಿ ಕೆರೆದರೆ ಎದ್ದು ಬರುತ್ತದೆ. ಅಡಿಯಲ್ಲಿ ಸಿಪ್ಪೆ ಸರಿಯಾಗೇ ಇರುತ್ತದೆ. ತಂಪು ಮಣ್ಣು, ಹಸಿ ಮಣ್ಣು ಅಂದರೆ ಇದಕ್ಕೆ ಹಬ್ಬ. ಗಿಡ ಸತ್ತ ಮೇಲೆ ಗಡ್ಡೆ ನೆಲದಲ್ಲಿ ಎಷ್ಟು ದಿನ ಉಳಿಯುತ್ತದೋ ಅಷ್ಟೂ ಚೂರು ಕಟ್ಟುತ್ತದೆ. ಅಂದರೆ ನಾವು ಮಾಡಿದ್ದು ಎರಡೂ ತಪ್ಪು.

ನಿಜವಾದ ಸ್ಕ್ಯಾಬ್, ಅಂದರೆ ಇಂಗ್ಲಿಷಿನವರ ಕಾಮನ್ ಸ್ಕ್ಯಾಬ್, ಬೇರೆ ಜಾತಿ. ಅದು ಸಿಪ್ಪೆಯ ಮೇಲೆ ಕೂರುವುದಲ್ಲ, ಸಿಪ್ಪೆಯೇ ಒರಟಾಗಿ, ಬಿರಿದು, ಬೆಂಡಿನ ಹಾಗೆ ಉಬ್ಬುತ್ತದೆ, ಇಲ್ಲವೇ ಕುಳಿ ಬೀಳುತ್ತದೆ. ಕೆರೆದರೆ ಹೋಗುವುದಿಲ್ಲ. ಇದು ಒಣ ಮಣ್ಣಿನ ರೋಗ. ಗಡ್ಡೆ ಕಟ್ಟಲು ಶುರುವಾದ ಮೊದಲ ಕೆಲವು ವಾರ ತೇವ ಚೆನ್ನಾಗಿದ್ದರೆ ತುಂಬಾ ಕಡಿಮೆಯಾಗುತ್ತದೆ. ಸುಣ್ಣ ಹಾಕಿದ ಹೊಲದಲ್ಲಿ ಜಾಸ್ತಿ, ಹುಳಿ ಮಣ್ಣಿನಲ್ಲಿ ಕಡಿಮೆ. ಒಂದಕ್ಕೆ ನೀರು ಮದ್ದು, ಇನ್ನೊಂದಕ್ಕೆ ನೀರು ಮೇವು. ಹೆಸರು ಮಾತ್ರ ಎರಡಕ್ಕೂ ಕಜ್ಜಿ. ಹೇಗಿದೆ ನೋಡಿ.

ಸ್ಕ್ಯಾಬ್ ಮಾಡುವುದು ಶಿಲೀಂಧ್ರವೂ ಅಲ್ಲ. ಸ್ಟ್ರೆಪ್ಟೊಮೈಸಿಸ್ ಅನ್ನುವ ಬ್ಯಾಕ್ಟೀರಿಯಾ. ನಮ್ಮ ಕೃಷಿ ಪುಸ್ತಕಗಳು ಬ್ಯಾಕ್ಟೀರಿಯಾಕ್ಕೆ 'ದುಂಡಾಣು' ಅನ್ನುತ್ತವೆ. ಆದರೆ ಈ ಪ್ರಾಣಿ ದುಂಡಗೇ ಇಲ್ಲ, ಬೂಷ್ಟಿನ ಹಾಗೆ ಎಳೆಎಳೆಯಾಗಿ ಬೆಳೆಯುತ್ತದೆ. ಅದಕ್ಕೇ 1890ರ ದಶಕದಲ್ಲಿ ಇದನ್ನು ಮೊದಲು ಹೆಸರಿಸಿದಾಗ ಶಿಲೀಂಧ್ರಗಳ ಸಾಲಿಗೇ ಸೇರಿಸಿದ್ದರು. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆ ಇದೆಯಲ್ಲ, ಅದನ್ನು ಹೊರಡಿಸುವುದೂ ಇದೇ ವಂಶದವರು. ಇದಕ್ಕೆ 'ಎಳೆಯಾಣು' ಅಂತ ಏನಾದರೂ ಇಡಬಹುದಿತ್ತೇನೋ. ಬಿಡಿ, ಅದು ಬೇರೆ ಚರ್ಚೆ. ಅಂಗಡಿಗೆ ಹೋಗಿ "ಫಂಗಸ್ಸಿಗೆ ಕೊಡಿ" ಅಂದರೆ ಕೊಡುವ ಮದ್ದು ಸ್ಕ್ಯಾಬಿಗೆ ತಾಗುತ್ತದೆ ಅಂತ ನಂಬಿಕೊಂಡು ಕೂರಬಾರದು, ಅಷ್ಟೇ.

ಇನ್ನು ಪೌಡರಿ ಸ್ಕ್ಯಾಬ್ ಅಂತ ಮೂರನೆಯದು. ಉಬ್ಬಿದ ಗುಳ್ಳೆ ಒಡೆದು ಒಳಗಿಂದ ಕಂದು ಪುಡಿ ಉದುರುತ್ತದೆ. ನೀಲಗಿರಿಯಂಥ ತಂಪು ಬೆಟ್ಟದ ಸೀಮೆಯಲ್ಲಿ ಬರುವಂಥದ್ದು. 'ಪುಡಿ ಕಜ್ಜಿ' ಅಂದರೆ ಸಾಕು, ನನಗೆ ತಕರಾರಿಲ್ಲ.

ಈಗ ಪದಕ್ಕೆ ಬರೋಣ. ನನ್ನ ತಕರಾರು ಇಷ್ಟೇ: ಮೈ ಚರ್ಮದ ಕಾಯಿಲೆಗಳಿಗೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಕಜ್ಜಿ, ತುರಿ, ಹುರುಕು, ಚಿಬ್ಬು, ಹಕ್ಕಳೆ, ಹೊಟ್ಟು, ನರುಲಿ, ಗಜಕರ್ಣ. ನಮ್ಮ ಅಜ್ಜಿಯಂದಿರು ಒಂದನ್ನು ಇನ್ನೊಂದು ಅಂದವರಲ್ಲ. ಆಲೂಗಡ್ಡೆಗೆ ಬಂದಾಗ ಮಾತ್ರ ಎಲ್ಲಕ್ಕೂ ಕಜ್ಜಿ ಯಾಕೆ?

ಕಾಮನ್ ಸ್ಕ್ಯಾಬಿಗೆ ಕಜ್ಜಿ ಇರಲಿ. ಒರಟು, ಬಿರುಕು, ಕುಳಿ, ಎಲ್ಲಾ ಹೊಂದುತ್ತದೆ. ಹಕ್ಕಳೆ ಅನ್ನಬಹುದೇ ಅಂತಲೂ ಯೋಚಿಸಿದೆ. ಹಕ್ಕಳೆ ಅಂದರೆ ಗಾಯ ಒಣಗಿ ಮೇಲೆ ಕಟ್ಟುವ ಪದರು, ಇಂಗ್ಲಿಷಿನ ಸ್ಕ್ಯಾಬ್ ಅಂದರೂ ಅದೇ ಅರ್ಥ. ಆದರೆ ಹಕ್ಕಳೆ ಅಂದರೆ ಗಾಯ ಮಾಯುತ್ತಿದೆ ಅಂತ ಕಿವಿಗೆ ಕೇಳುತ್ತದೆ. ಇಲ್ಲಿ ಯಾವುದೂ ಮಾಯುತ್ತಿಲ್ಲ.

ಬ್ಲ್ಯಾಕ್ ಸ್ಕರ್ಫಿಗೆ ಪದ ಕೊಟ್ಟದ್ದು ನಮ್ಮ ಚಿಕ್ಕಮ್ಮ. ಸಾರಿಗೆ ಗಡ್ಡೆ ತೊಳೆಯುತ್ತಾ "ಏನ್ ಇದು, ತಳ ಸೀದ ಪಾತ್ರೆ ಹಂಗೆ ಕಿಟ್ಟ ಹಿಡಿದದೆ, ಉಜ್ಜಿದ್ರೂ ಬರಲ್ಲ" ಅಂದರು. ನಾನು ಅಲ್ಲೇ ಕೂತಿದ್ದೆ. ಕಿಟ್ಟ! ಕಬ್ಬಿಣದ ಕಿಟ್ಟ, ಪಾತ್ರೆಯ ಕಿಟ್ಟ. ಮೇಲೆ ಅಂಟಿರುವುದು, ಕಪ್ಪಗಿರುವುದು, ಕೆರೆದರೆ ಏಳುವುದು, ಒಳಗಿನ ವಸ್ತು ಕೆಟ್ಟಿಲ್ಲ ಅನ್ನುವುದು, ನಾಲ್ಕೂ ಒಂದೇ ಪದದಲ್ಲಿ ಬಂತು. 'ಕರಿಕಿಟ್ಟ ರೋಗ' ಅಂದರೆ ಗುರುತು ಹಿಡಿಯಲು ಚಿತ್ರವೇ ಬೇಡ. ಸ್ಕರ್ಫ್ ಅಂದರೆ ಇಂಗ್ಲಿಷಿನಲ್ಲಿ ತಲೆಹೊಟ್ಟು. ಅದನ್ನೇ ಹಿಡಿದು 'ಕಪ್ಪು ಹೊಟ್ಟು' ಅಂತ ಮಾಡಿದರೆ ಕೆಲಸ ಕೆಡುತ್ತದೆ. ಹೊಟ್ಟು ಅಂದರೆ ರೈತರಿಗೆ ದನದ ಕೊಟ್ಟಿಗೆ ನೆನಪಾಗುತ್ತದೆ.

ಸಿಲ್ವರ್ ಸ್ಕರ್ಫ್ ಅಂತ ಇನ್ನೊಂದಿದೆ. ಗೋಡೌನಿನವರಿಗೆ ಇದು ಚೆನ್ನಾಗಿ ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ. ಸಿಪ್ಪೆಯ ಮೇಲೆ ತೆಳು ಬೂದುಬಣ್ಣದ ಮಚ್ಚೆ. ಒಣಗಿದ್ದಾಗ ಕಣ್ಣಿಗೆ ಬೀಳುವುದೇ ಕಷ್ಟ. ನೀರಲ್ಲಿ ಅದ್ದಿ ತೆಗೆದರೆ ಬೆಳ್ಳಿಯ ಹಾಗೆ ಮಿನುಗುತ್ತದೆ. ಹೊಲದಲ್ಲಿ ಸಣ್ಣಗೆ ಶುರುವಾಗಿ, ಕೂಡಿಟ್ಟ ಮೇಲೆ ಬೆಚ್ಚಗೆ, ತೇವವಾಗಿ ಇದ್ದರೆ ಗಡ್ಡೆಯಿಂದ ಗಡ್ಡೆಗೆ ಹಬ್ಬುತ್ತದೆ. ಮಚ್ಚೆಯಿರುವ ಕಡೆ ಸಿಪ್ಪೆ ನೀರು ಹಿಡಿದಿಡುವುದಿಲ್ಲ, ತಿಂಗಳು ಕಳೆಯುವುದರೊಳಗೆ ಗಡ್ಡೆ ಸುಕ್ಕಾಗಿ ತೂಕ ಇಳಿಯುತ್ತದೆ. ಇದಕ್ಕೆ 'ಚಿಬ್ಬು' ಅನ್ನಬೇಕು ಅಂತ ನನ್ನ ಆಸೆ. ಮನುಷ್ಯರ ಬೆನ್ನು, ಕತ್ತಿನ ಮೇಲೆ ಬರುವ ಚಿಬ್ಬೂ ಹೀಗೇ: ತೆಳು, ಮಾಸಲು, ನೋವಿಲ್ಲ, ಮೆಲ್ಲಗೆ ಹಬ್ಬುತ್ತದೆ. ಬೆವರು, ಸೆಕೆ ಇದ್ದರೆ ಜಾಸ್ತಿ. ಆ ಚಿಬ್ಬನ್ನು ಮಾಡುವುದೂ ಒಂದು ಶಿಲೀಂಧ್ರವೇ. ಇಷ್ಟು ಹೊಂದುವ ಪದ ಸಿಗುವುದು ಅಪರೂಪ, ಅಲ್ವಾ?

ನರುಲಿಯನ್ನೂ ಬಿಡಬಾರದು. ವಾರ್ಟ್ ಅನ್ನುವ ರೋಗ ನಮ್ಮ ದೇಶದಲ್ಲಿ ಡಾರ್ಜಿಲಿಂಗ್ ಕಡೆಯದು, ಗಡ್ಡೆಯ ಕಣ್ಣಿನ ಹತ್ತಿರ ಹೂಕೋಸಿನ ಹಾಗೆ ಗಂಟು ಕಟ್ಟುತ್ತದೆ. ನಮಗೆ ಬರದಿರಲಿ. ಬಂದರೆ ಪದ ಮಾತ್ರ ಸಿದ್ಧವಾಗಿದೆ.

ಕೆಲಸದ ಪದಗಳಲ್ಲೂ ಇದೇ ಗೋಳು. ಅಗೆದ ಮೇಲೆ ಗಡ್ಡೆಯನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಹತ್ತು ಹದಿನೈದು ದಿನ ಗುಡ್ಡೆ ಹಾಕಿಡುತ್ತೇವೆ. ಗೀರು, ಗಾಯ ಮುಚ್ಚಿ ಸಿಪ್ಪೆ ಗಟ್ಟಿಯಾಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಕ್ಯೂರಿಂಗ್. ಒಂದು ಕಡೆ 'ಗುಣಪಡಿಸುವಿಕೆ' ಅಂತ ಅಚ್ಚಾಗಿರುವುದನ್ನು ನೋಡಿದೆ. ಓದಿದವರು ರೋಗ ವಾಸಿಯಾಗುತ್ತದೆ ಅಂದುಕೊಳ್ಳುವುದಿಲ್ಲವೇ? ಹೊಲದಲ್ಲಿ ಹೇಳುವುದು 'ಸಿಪ್ಪೆ ಬಲಿಯಲಿ' ಅಂತ. ಹೆಬ್ಬೆರಳಲ್ಲಿ ಒತ್ತಿ ತಿಕ್ಕಿದರೆ ಸಿಪ್ಪೆ ಸುಲಿದು ಬರಬಾರದು, ಅದೇ ಗುರುತು. ಹಾಗೆಂದು ಸಿಪ್ಪೆ ಬಲಿಯಲಿ ಅಂತ ನೆಲದಲ್ಲೇ ತಿಂಗಳುಗಟ್ಟಲೆ ಬಿಡುವ ಹಾಗಿಲ್ಲ, ಕಿಟ್ಟವೂ ಚಿಬ್ಬೂ ಎರಡೂ ಏರುತ್ತವೆ. ಸೊಪ್ಪು ಕೊಯ್ದು ಎರಡು ವಾರದ ಆಸುಪಾಸಿಗೆ ಅಗೆದುಬಿಡಬೇಕು.

ಬೀಜದ ಗಡ್ಡೆಯನ್ನು ಕೋಲ್ಡ್ ಸ್ಟೋರೇಜಿನಲ್ಲಿ 2ರಿಂದ 4 ಡಿಗ್ರಿ ಚಳಿಯಲ್ಲಿ ಇಡುತ್ತಾರೆ. ಅಷ್ಟು ಚಳಿಗೆ ಚಿಬ್ಬು ಹೆಚ್ಚುಕಡಿಮೆ ನಿಂತುಹೋಗುತ್ತದೆ. ತೊಂದರೆ ಹೊರಗೆ ತಂದಾಗ. ಚಳಿಯಿಂದ ಏಕಾಏಕಿ ಬಿಸಿಲಿಗೆ ತಂದರೆ ಗಡ್ಡೆ 'ಬೆವರುತ್ತದೆ'. ಇದು ಹಮಾಲಿಗಳ ಮಾತು, ಎಷ್ಟು ಚೆಂದ ನೋಡಿ. ಪುಸ್ತಕದಲ್ಲಿ ಇದಕ್ಕೆ 'ಸಾಂದ್ರೀಕರಣ' ಅಂತಿರುತ್ತದೆ, ಯಾರಿಗೆ ಬೇಕು. ಒದ್ದೆ ಮೈಯಲ್ಲಿ ಮೂಟೆಯೊಳಗೆ ಕೂತರೆ ಚಿಬ್ಬು ಮತ್ತೆ ಶುರು, ಕೊಳೆಯೂ ಜೊತೆಗೆ.

ಚಿಕ್ಕಪ್ಪನ ಕತೆ ಮುಗಿಸಿಬಿಡುತ್ತೇನೆ. ಈ ಸಲ ಕಿಟ್ಟವಿಲ್ಲದ ಗಡ್ಡೆ ಆರಿಸಿ ಬೀಜಕ್ಕೆ ಎತ್ತಿಟ್ಟರು. ಕೋಲ್ಡ್ ಸ್ಟೋರೇಜಿಗೆ ಹಾಕುವ ಮುಂಚೆ ತೊಳೆದು, ನೂರು ಲೀಟರ್ ನೀರಿಗೆ 3 ಕೆಜಿ ಬೋರಿಕ್ ಆಸಿಡ್ ಕಲಸಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಆರಿಸಿದರು. ಮೊಳಕೆ ಬಂದ ಗಡ್ಡೆಗೆ ಹೀಗೆ ಮಾಡಬಾರದು, ಮೊಳಕೆ ಸುಡುತ್ತದೆ. ಅದ್ದಿದ್ದನ್ನು ತಿನ್ನುವುದಂತೂ ಇಲ್ಲವೇ ಇಲ್ಲ. ಆ ಹೊಲಕ್ಕೆ ಈ ವರ್ಷ ರಾಗಿ ಹಾಕಿದ್ದಾರೆ, ಆಲೂಗಡ್ಡೆ ಪಕ್ಕದ ತುಂಡಿಗೆ ಹೋಯಿತು.

ಕೇಳಬೇಕಾದದ್ದು ಮೂರು ವಿಷಯ. ಮಾಲೂರು, ಬಂಗಾರಪೇಟೆ, ಗೌರಿಬಿದನೂರು ಕಡೆಯವರು ಈ ಕಪ್ಪು ಚೂರಿಗೆ ಏನನ್ನುತ್ತೀರಿ? ಕಿಟ್ಟ ಅನ್ನುವುದು ನಮ್ಮ ಚಿಕ್ಕಮ್ಮ ಒಬ್ಬರ ಮಾತೋ, ಬೇರೆಯವರೂ ಅನ್ನುತ್ತಾರೋ? ಹಾಸನದವರು ನಮಗಿಂತ ಜಾಸ್ತಿ ಆಲೂಗಡ್ಡೆ ಕಂಡವರು, ನಿಮ್ಮಲ್ಲಿ ಬೇರೆ ಪದ ಇದ್ದೇ ಇರಬೇಕು. ಎರಡನೆಯದು, ಚಿಬ್ಬು ಎನ್ನುವುದನ್ನು ಯಾರಾದರೂ ಹಣ್ಣು, ಕಾಯಿ, ಗಡ್ಡೆಗೆ ಬಳಸುವುದನ್ನು ಕೇಳಿದ್ದೀರಾ, ಅಥವಾ ಅದು ಬರೀ ಮೈಗೆ ಮಾತ್ರವೇ? ಮೂರನೆಯದು, ಹುರುಕು ಮತ್ತು ಕಜ್ಜಿಗೆ ನಿಮ್ಮ ಊರಿನಲ್ಲಿ ವ್ಯತ್ಯಾಸ ಏನು? ನಮ್ಮಲ್ಲಿ ಹುರುಕು ಅನ್ನುವುದನ್ನು ಈಗ ಬೈಯಲು ಮಾತ್ರ ಬಳಸುತ್ತಾರೆ.

ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಅವರನ್ನೇ ಕೇಳಿ. ಕೇಳುವಾಗ ಪದ ಹೇಳಬೇಡಿ, ಗಡ್ಡೆ ತೋರಿಸಿ.