ಅಪ್‌ಡೇಟ್: ಗಾಲ್ಫ್ ಟ್ರಿಪ್ ಮುಗಿಸಿ ಬಂದೆವು

ರೂಮು ಗಾಲ್ಫ್ ಕೋರ್ಸ್ ಪಕ್ಕ ಮಾಡಬೇಕಾ, ಊಟ-ಪಬ್ ಇರುವ ಸಿಟಿಯಲ್ಲಾ ಅಂತ ಕೇಳಿದ್ದೆನಲ್ಲ, ನಾವು ನಾಲ್ವರು ಸಿಟಿಯಲ್ಲೇ ಉಳಿದೆವು. ಒಳ್ಳೆಯದೇ ಆಯ್ತು. ಸಂಜೆ ಊಟಕ್ಕೆ ನಡೆದೇ ಹೋದೆವು. ಕುಡಿಯದೆ ಕಾರು ಓಡಿಸೋರು ಯಾರು ಅನ್ನೋ ಜಗಳವೇ ಬರಲಿಲ್ಲ.

ಎಡವಟ್ಟಾಗಿದ್ದು ಎರಡನೇ ದಿನ. ರಾತ್ರಿ ಒಂದೂವರೆವರೆಗೆ ಕುಣಿದು, ಬೆಳಿಗ್ಗೆ 7:10ಕ್ಕೆ ಟೀ ಟೈಮ್, ಅಂದ್ರೆ ಆಟ ಶುರು ಮಾಡೋಕೆ ಬುಕ್ ಮಾಡಿದ್ದ ಹೊತ್ತು! ಮೊದಲ ಹೋಲ್‌ನಲ್ಲೇ ನನ್ನ ಎರಡು ಚೆಂಡು ಸೀದಾ ನೀರಿಗೆ. ಗೆಳೆಯನೊಬ್ಬ ಬಂಕರ್ ಅನ್ನೋ ಮರಳುಗುಂಡಿಯಲ್ಲಿ ಕ್ಲಬ್ (ಗಾಲ್ಫ್ ಕೋಲು) ಊರಿಕೊಂಡು ಸುಮ್ನೆ ನಿಂತಿದ್ದ, ಪಾಪ. ಸುಸ್ತಾಗಿ ಹಾಗೆ ಒರಗಿದರೆ 2019ರಲ್ಲಿ ಬದಲಾದ ಗಾಲ್ಫ್ ನಿಯಮದಲ್ಲಿ ಪೆನಾಲ್ಟಿ ಇಲ್ಲ, ಅಷ್ಟೇ ಪುಣ್ಯ.

ಮೂರನೇ ದಿನದ ಆಟವನ್ನು ಫೋನ್ ಮಾಡಿ ಮಧ್ಯಾಹ್ನಕ್ಕೆ ಹಾಕಿಸಿಕೊಂಡೆವು. ದಿನದ ಕೊನೆ ಹೊತ್ತಿನ ಆಟಕ್ಕೆ ಇರೋ ಕಡಿಮೆ ದರ (ಟ್ವಿಲೈಟ್ ದರ) ಸಿಕ್ಕಿ ದುಡ್ಡೂ ಉಳಿಯಿತು. ಕತ್ತಲಾಗುವ ಹೊತ್ತಿಗೆ 18ರಲ್ಲಿ 15 ಹೋಲ್ ಅಷ್ಟೇ ಆಗಿತ್ತು. ಯಾರಿಗೂ ಬೇಜಾರಾಗಲಿಲ್ಲ, ಹೊಟ್ಟೆ ಆಗಲೇ ಸಿಟಿ ಕಡೆ ಎಳೆಯುತ್ತಿತ್ತು.