ದೈತ್ಯ ಆಮೆಗಳು ದ್ವೀಪ ಸೇರಿದ ಮೇಲೆ ದೊಡ್ಡವಾದವೇ, ಮೊದಲೇ ದೊಡ್ಡವಾಗಿದ್ದವೇ?

ಪ್ರಶ್ನೆ:
ದ್ವೀಪ ಸೇರಿದ ದೊಡ್ಡ ಪ್ರಾಣಿಗಳು ತಲೆಮಾರುಗಳು ಕಳೆದಂತೆ ಕುಗ್ಗುತ್ತವೆ, ಸಣ್ಣವು ಹಿಗ್ಗುತ್ತವೆ ಎಂಬ ಮಾತನ್ನು ಹಲವೆಡೆ ಓದಿದ್ದೇನೆ. ಹಿಗ್ಗಿದವುಗಳಿಗೆ ನಿದರ್ಶನವಾಗಿ ಗಲಪಗೋಸ್ ಮತ್ತು ಹಿಂದೂ ಮಹಾಸಾಗರದ ಅಲ್ಡಾಬ್ರಾ ದ್ವೀಪಗಳ ಆಮೆಗಳನ್ನೇ ಹೆಸರಿಸುತ್ತಾರೆ. ಆದರೆ ಗಲಪಗೋಸ್ ದಕ್ಷಿಣ ಅಮೆರಿಕದ ಕರಾವಳಿಯಿಂದ ಸುಮಾರು 1,000 ಕಿಲೋಮೀಟರ್ ದೂರದಲ್ಲಿದೆ. ಸಮುದ್ರದ ತಳದಿಂದ ಮೇಲೆದ್ದ ಆ ಜ್ವಾಲಾಮುಖಿ ದ್ವೀಪಗಳು ಭೂಖಂಡಕ್ಕೆ ಎಂದೂ ಸೇರಿರಲಿಲ್ಲ. ನೆಲದ ಮೇಲೆ ಬದುಕುವ ಆಮೆ ಅಲ್ಲಿಗೆ ಹೋದದ್ದು ಹೇಗೆ, ಹೋದಾಗ ಅದರ ಗಾತ್ರ ಎಷ್ಟಿತ್ತು?

ಉತ್ತರ 1:
ತೇಲಿಕೊಂಡು ಹೋಯಿತು. ನೆಲದ ಆಮೆ ಈಜುವುದರಲ್ಲಿ ನಿಪುಣವಲ್ಲ, ಆದರೆ ಮುಳುಗುವುದೂ ಇಲ್ಲ. ಕತ್ತನ್ನು ನೀರಿನಿಂದ ಮೇಲಕ್ಕೆತ್ತಿಕೊಂಡು ಪ್ರವಾಹ ಒಯ್ದ ಕಡೆಗೆ ಸಾಗುತ್ತದೆ. 2004ರ ಡಿಸೆಂಬರ್‌ನಲ್ಲಿ ತಾಂಜಾನಿಯಾದ ಕಿಂಬಿಜಿ ತೀರಕ್ಕೆ ಅಲ್ಡಾಬ್ರಾ ಜಾತಿಯ ಆಮೆಯೊಂದು ಸೊರಗಿದ ಸ್ಥಿತಿಯಲ್ಲಿ, ಆದರೆ ಜೀವಂತವಾಗಿ, ಬಂದು ಸೇರಿತು. ಅದರ ಕಾಲುಗಳಿಗೆ ಬಾರ್ನಕಲ್ ಎಂಬ ಪುಟ್ಟ ಚಿಪ್ಪಿನ ಕಡಲಜೀವಿಗಳು ಅಂಟಿ ಬೆಳೆದಿದ್ದವು, ಅಂದರೆ ಅದು ವಾರಗಟ್ಟಲೆ ಕಡಲಿನಲ್ಲಿತ್ತು. ಅಲ್ಡಾಬ್ರಾ ಅಲ್ಲಿಂದ 700 ಕಿಲೋಮೀಟರ್‌ಗೂ ಹೆಚ್ಚು ದೂರ.

ಇಂತಹ ಪ್ರಯಾಣಕ್ಕೆ ದೊಡ್ಡ ಮೈಯೇ ಅನುಕೂಲ. ಕೊಬ್ಬನ್ನೂ ನೀರನ್ನೂ ಒಡಲಲ್ಲಿ ಕೂಡಿಟ್ಟುಕೊಂಡು ಈ ಆಮೆಗಳು ತಿಂಗಳುಗಟ್ಟಲೆ ಉಪವಾಸವಿರಬಲ್ಲವು. ತಿಮಿಂಗಿಲ ಬೇಟೆಯ ಹಡಗುಗಳವರು ಅವನ್ನು ತಾಜಾ ಮಾಂಸಕ್ಕಾಗಿ ಮೇವು ನೀರಿಲ್ಲದೆ ಹಡಗಿನ ಒಡಲಲ್ಲಿ ರಾಶಿ ಹಾಕಿ ಒಯ್ಯುತ್ತಿದ್ದುದು ಇದೇ ಕಾರಣಕ್ಕೆ. ಆದ್ದರಿಂದ ದ್ವೀಪ ಅವನ್ನು ದೊಡ್ಡದಾಗಿಸಿತು ಎನ್ನುವುದಕ್ಕಿಂತ, ದೊಡ್ಡವಾಗಿದ್ದವೇ ದ್ವೀಪ ಮುಟ್ಟಿದವು ಎನ್ನುವುದು ನನಗೆ ಹೆಚ್ಚು ಸರಿಯೆನಿಸುತ್ತದೆ.

ಉತ್ತರ 2:
ಮೇಲಿನವರ ವಾದಕ್ಕೆ ಒಂದು ತೊಡಕಿದೆ. ಗಲಪಗೋಸ್ ಆಮೆಗಳಿಗೆ ಈಗ ಬದುಕಿರುವವುಗಳಲ್ಲಿ ಅತ್ಯಂತ ಹತ್ತಿರದ ಸಂಬಂಧಿಯೆಂದು ವಂಶವಾಹಿಗಳು ತೋರಿಸುವುದು ದಕ್ಷಿಣ ಅಮೆರಿಕದ ಚಾಕೋ ಆಮೆಯನ್ನು, ಮತ್ತು ಅದು ಎರಡು ಕೈಗಳಲ್ಲಿ ಸಲೀಸಾಗಿ ಎತ್ತಬಹುದಾದಷ್ಟು ಚಿಕ್ಕದು. ಗಲಪಗೋಸ್‌ನ ದೊಡ್ಡ ಗಂಡುಗಳೋ 250 ಕಿಲೋಗ್ರಾಂ ಮೀರುತ್ತವೆ.

ಉತ್ತರ 1 ಬರೆದವರು:
ತೊಡಕು ನಿಜ, ಆದರೆ ಬದುಕುಳಿದ ಸಂಬಂಧಿ ಚಿಕ್ಕದು ಎಂದ ಮಾತ್ರಕ್ಕೆ ಪೂರ್ವಜವೂ ಚಿಕ್ಕದಾಗಿತ್ತು ಎಂದಾಗುವುದಿಲ್ಲ. ದಕ್ಷಿಣ ಅಮೆರಿಕದ ನೆಲದಲ್ಲೇ ದೈತ್ಯ ಆಮೆಗಳ ಪಳೆಯುಳಿಕೆಗಳು ಸಿಕ್ಕಿವೆ. ಶಿವಾಲಿಕ್ ಬೆಟ್ಟಗಳಲ್ಲಿ ಪಳೆಯುಳಿಕೆಯಾಗಿ ಸಿಕ್ಕ ಮೆಗಲೊಕೆಲಿಸ್ ಎಂಬ ಅಳಿದ ಆಮೆಯ ಚಿಪ್ಪು ಸುಮಾರು 2 ಮೀಟರ್ ಉದ್ದವಿತ್ತು. ಇಂದಿನ ಯಾವ ದ್ವೀಪದ ಆಮೆಯೂ ಅದಕ್ಕೆ ಸಾಟಿಯಲ್ಲ. ಹಾಗೆ ನೋಡಿದರೆ ದೈತ್ಯ ಆಮೆ ದ್ವೀಪಗಳ ವಿಶೇಷವೇ ಅಲ್ಲ. ಭೂಖಂಡಗಳಲ್ಲಿ ಅಳಿದುಹೋಗಿ, ಮನುಷ್ಯ ತಡವಾಗಿ ಕಾಲಿಟ್ಟ ದ್ವೀಪಗಳಲ್ಲಿ ಮಾತ್ರ ಉಳಿದುಕೊಂಡದ್ದರಿಂದ ನಮಗೆ ಹಾಗೆ ಕಾಣುತ್ತದೆ.

ಉತ್ತರ 3:
ಗಾತ್ರವನ್ನು ದ್ವೀಪ ಕೊಡಲಿಲ್ಲವೆಂದರೂ ಆಕಾರವನ್ನು ಅದು ತಿದ್ದಿದ್ದು ನಿಜ. ಗಲಪಗೋಸ್‌ನ ಹಸಿರು ಹೆಚ್ಚಿರುವ ಎತ್ತರದ ದ್ವೀಪಗಳ ಆಮೆಗಳಿಗೆ ಗುಮ್ಮಟದಂತಹ ಚಿಪ್ಪಿದೆ. ಎಸ್ಪನೋಲಾದಂತಹ ಒಣ ದ್ವೀಪಗಳಲ್ಲಿ ಚಿಪ್ಪಿನ ಮುಂಭಾಗ ಕುದುರೆಯ ಜೀನಿನಂತೆ ಮೇಲಕ್ಕೆ ಬಾಗಿದ್ದು, ಉದ್ದನೆಯ ಕತ್ತನ್ನು ಪಾಪಾಸುಕಳ್ಳಿಯ ಎಲೆಯಂತಹ ಕಾಂಡದವರೆಗೆ ಚಾಚಲು ಎಡೆಮಾಡಿಕೊಡುತ್ತದೆ. ಹಿಂದೂ ಮಹಾಸಾಗರದ ರೊಡ್ರಿಗಸ್ ದ್ವೀಪದ ಆಮೆಗಳ ಚಿಪ್ಪು ಇನ್ನೂ ವಿಚಿತ್ರ, ತೀರಾ ತೆಳ್ಳಗಿತ್ತು. ಕಚ್ಚುವ ಶತ್ರುವಿಲ್ಲದ ಕಡೆ ದಪ್ಪ ಚಿಪ್ಪು ಹೊರುವುದು ಅನಗತ್ಯ ಭಾರ. 1691ರಲ್ಲಿ ಅಲ್ಲಿಗೆ ಬಂದಿಳಿದ ಫ್ರೆಂಚ್ ಪ್ರವಾಸಿ ಫ್ರಾನ್ಸ್ವಾ ಲೆಗ್ವಾ, ನೆಲಕ್ಕೆ ಕಾಲೂರದೆ ಆಮೆಗಳ ಬೆನ್ನ ಮೇಲೆಯೇ ನೂರು ಹೆಜ್ಜೆಗೂ ಹೆಚ್ಚು ನಡೆಯಬಹುದಿತ್ತು ಎಂದು ದಾಖಲಿಸಿದ್ದಾನೆ. ಸುಮಾರು ನೂರು ವರ್ಷಗಳಲ್ಲಿ ಅವು ಇಲ್ಲವಾದವು.

ಆ ನಷ್ಟ ಆಮೆಗಳಲ್ಲಿಗೇ ಮುಗಿಯಲಿಲ್ಲ. ಪಕ್ಕದ ಮಾರಿಷಸ್‌ನಲ್ಲೂ ಸ್ಥಳೀಯ ದೈತ್ಯ ಆಮೆಗಳು ಅಳಿದ ಮೇಲೆ, ಅಲ್ಲಿನ ಕರಿಮರದ ಹಣ್ಣುಗಳು ತಾಯಿಮರದ ಬುಡದಲ್ಲೇ ಬಿದ್ದು ಕೊಳೆಯತೊಡಗಿದವು. 2000ರಲ್ಲಿ ಇಲ್ ಒ ಸೆಗ್ರೆಟ್ ಎಂಬ ಪುಟ್ಟ ನಡುಗಡ್ಡೆಗೆ ಬದಲಿಯಾಗಿ ಅಲ್ಡಾಬ್ರಾ ಆಮೆಗಳನ್ನು ತಂದರು. ಅವು ಹಣ್ಣು ತಿಂದು ಅಲೆದಾಡಿ ಲದ್ದಿ ಹಾಕಿದಲ್ಲೆಲ್ಲ ಈಗ ಕರಿಮರದ ಸಸಿಗಳು ಏಳುತ್ತಿವೆ.