ಎದೆ ಕಡಿಮೆ ಮಾಡಿಸಿದ ಮೇಲೆ ಗ್ರಾಫ್ಟ್ ಮಾಡಿದ ತೊಟ್ಟು ಕಪ್ಪಾಗಿದೆ, ಇದು ಸರಿ ಹೋಗುತ್ತಾ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ತೆ. ಮನೆಯಲ್ಲಿ ಯಾರ ಹತ್ತಿರವೂ ಬಿಡಿಸಿ ಕೇಳುವ ವಿಷಯ ಅಲ್ಲ ಇದು, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ನನಗೆ 43 ವರ್ಷ, ಊರು ದಾವಣಗೆರೆ. ಶುಗರ್ ಇದೆ, ಮಾತ್ರೆ ತಗೊಳ್ಳುತ್ತೇನೆ. ಎದೆ ಭಾರಕ್ಕೆ ಹೆಗಲ ಮೇಲೆ ಬ್ರಾ ಪಟ್ಟಿ ಕೂರುವ ಜಾಗದಲ್ಲಿ ಬೆರಳು ಇಡುವಷ್ಟು ಹಳ್ಳ ಬಿದ್ದಿತ್ತು. ಬೇಸಿಗೆ ಬಂತು ಅಂದರೆ ಎದೆಯ ಕೆಳಗೆ ಬೆವರು ನಿಂತು ಚರ್ಮ ಕೆಂಪಾಗಿ ಸುಲಿಯುತ್ತಿತ್ತು. ಕತ್ತು ನೋವಂತೂ ದಿನಾ ಇದ್ದದ್ದೇ. ಕೊನೆಗೆ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿದೆ. ಕತ್ತಿನ ಗುಳಿಯಿಂದ ತೊಟ್ಟಿನ ತನಕ ಟೇಪ್ ಹಿಡಿದು ಅಳೆದರು, 40 ಸೆಂಟಿಮೀಟರ್ ದಾಟಿತ್ತು. ಇಷ್ಟು ಉದ್ದ ಇದ್ದರೆ ತೊಟ್ಟನ್ನ ರಕ್ತನಾಳದ ಜೊತೆಗೇ ಮೇಲೆ ತರುವುದು ಅಪಾಯ, ಪೂರ್ತಿ ತೆಗೆದು ಗ್ರಾಫ್ಟ್ ಆಗಿ ಕೂರಿಸುತ್ತೇವೆ ಅಂದರು. ಒಪ್ಪಿಕೊಂಡೆ.

ಈಗ ಎರಡು ವಾರದ ಮೇಲಾಯಿತು. ತೊಟ್ಟಿನ ಮೇಲೆ ಹೊಲಿದು ಕಟ್ಟಿದ್ದ ಹತ್ತಿಯ ಗಂಟನ್ನ ಬಿಚ್ಚಿದಾಗ ಬಣ್ಣ ನೇರಳೆ ಥರ ಇತ್ತು, ಚೆನ್ನಾಗಿ ಹಿಡಿದಿದೆ ಅಂತ ಹೇಳಿ ಕಳಿಸಿದರು. ಮನೆಗೆ ಬಂದ ಮೇಲೆ ಕಪ್ಪಾಗುತ್ತಾ ಬಂತು. ಬಲಗಡೆದು ಪೂರ್ತಿ ಕಪ್ಪು, ಒಣಗಿ ಅಂಚು ಸುಟ್ಟ ಹಪ್ಪಳದ ಹಾಗೆ ಮೇಲೆದ್ದಿದೆ. ಎಡಗಡೆ ಅರ್ಧ ಕಪ್ಪು, ಅರ್ಧ ಗುಲಾಬಿ. ಎರಡೂ ಚಪ್ಪಟೆ, ತೊಟ್ಟು ಅನ್ನುವ ಆಕಾರವೇ ಇಲ್ಲ. ಮುಟ್ಟಿದರೆ ಏನೂ ಗೊತ್ತಾಗುವುದಿಲ್ಲ. ಸತ್ತು ಹೋಗಿದೆಯಾ ಇದು? ನಮ್ಮ ಯಜಮಾನರು ಡಾಕ್ಟರು ಏನೋ ಹೊಸ ಪ್ರಯೋಗ ಮಾಡಿದ್ದಾರೆ ಅಂತ ಗೊಣಗುತ್ತಿದ್ದಾರೆ. ಪಕ್ಕದ ಮನೆಯವರು ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚು ಅಂತಾರೆ. ಮುಂದಿನ ಚೆಕಪ್ಪಿಗೆ ಇನ್ನೂ ಟೈಮ್ ಇದೆ. ಈ ಥರ ಮಾಡಿಸಿಕೊಂಡವರು ಯಾರಾದರೂ ಇದ್ದರೆ ಹೇಳಿ, ಕೊನೆಗೆ ನೋಡೋಕೆ ಹೇಗಾಗುತ್ತದೆ?

ಹಗುರ_ಹೆಗಲು:
ನಾನು ಮಾಡಿಸಿಕೊಂಡಿದ್ದೇನೆ, ಇದೇ ಗ್ರಾಫ್ಟ್, ಕೆಲವು ವರ್ಷ ಆಯಿತು. ನೀವು ಬರೆದಿರುವುದು ಓದಿದರೆ ನನ್ನ ಬಲಗಡೆಯದನ್ನೇ ನೋಡಿ ಬರೆದ ಹಾಗಿದೆ. ನನಗೂ ಕಪ್ಪು ಹಕ್ಕಳೆ ಕಟ್ಟಿತ್ತು. ಮುಟ್ಟದೆ ಬಿಟ್ಟೆ. ಒಂದು ದಿನ ಸ್ನಾನ ಆದ ಮೇಲೆ ಗಾಜ್ ಬಟ್ಟೆ ತೆಗೆದರೆ ಹಕ್ಕಳೆ ಅದರ ಜೊತೆಗೇ ಕಳಚಿಕೊಂಡು ಬಂತು, ನೋವಿಲ್ಲ, ರಕ್ತ ಇಲ್ಲ. ಕೆಳಗೆ ಹಸಿ ಗುಲಾಬಿ ಚರ್ಮ, ಸ್ವಲ್ಪ ಹೊಳೀತಿತ್ತು. ನನಗೆ ಎದೆ ಧಸಕ್ ಅಂತು, ತೊಟ್ಟೇ ಉದುರಿ ಹೋಯಿತು ಅಂದುಕೊಂಡೆ. ಡಾಕ್ಟರು ನೋಡಿ, ಹೋಗಿದ್ದು ಮೇಲಿನ ಪದರ, ಗ್ರಾಫ್ಟ್ ಕೆಳಗೆ ಜೀವಂತ ಇದೆ ಅಂದರು.

ಆಮೇಲಿನದ್ದು ಯಾರೂ ಮುಂಚೆ ಹೇಳಲ್ಲ, ನಾನು ಹೇಳುತ್ತೇನೆ. ಆ ಗುಲಾಬಿ ಬಣ್ಣ ನಿಧಾನಕ್ಕೆ ಕಂದು ಆಗುತ್ತದೆ, ಆದರೆ ಒಂದೇ ಸಮ ಆಗಲ್ಲ. ಮೊದಲು ಅಂಚಿನಿಂದ ಒಳಗೆ ಬಣ್ಣ ಬಂತು, ಮಧ್ಯೆ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಬಂತು, ಕೆಲವು ಕಡೆ ಬಿಳಿಯಾಗಿಯೇ ಉಳಿಯಿತು. ಒಂದು ವರ್ಷದ ತನಕ ಬದಲಾಗುತ್ತಲೇ ಇತ್ತು. ಈಗ ಎಡಗಡೆ ಹೆಚ್ಚುಕಡಿಮೆ ಮೊದಲಿನ ಬಣ್ಣ, ಕೆಳಗಿನ ಕಾಲು ಭಾಗ ಮಾತ್ರ ಬಿಳಿ. ಬಲಗಡೆ ಪ್ಯಾಚ್ ಜಾಸ್ತಿ, ಮತ್ತೆ ಚಪ್ಪಟೆ. ಚಳಿಗೆ ಎಡಗಡೆದು ಸ್ವಲ್ಪ ನಿಲ್ಲುತ್ತದೆ, ಬಲಗಡೆದು ಇಲ್ಲ. ಸ್ಪರ್ಶ ಅಂದರೆ, ಒತ್ತಿದರೆ ಒತ್ತಿದ್ದು ಗೊತ್ತಾಗುತ್ತದೆ, ತಣ್ಣೀರು ಬಿದ್ದರೆ ಗೊತ್ತಾಗುತ್ತದೆ. ಮೊದಲಿನ ಥರದ್ದು ಬಂದಿಲ್ಲ, ಬರುತ್ತದೆ ಅಂತ ಕಾಯುತ್ತಲೂ ಇಲ್ಲ.

ನಮ್ಮ ಅತ್ತೆ ಒಮ್ಮೆ ಬಿಳಿ ಮಚ್ಚೆ ನೋಡಿ ತೊನ್ನು ಅಂತ ಹೆದರಿ ದೇವಸ್ಥಾನಕ್ಕೆ ಹರಕೆ ಹೊತ್ತುಬಿಟ್ಟರು. ಅದು ತೊನ್ನಲ್ಲ, ಬೇರೆ ಕಡೆ ಹರಡಲ್ಲ, ಗ್ರಾಫ್ಟ್ ಕೂರಿಸಿದ ಜಾಗದಲ್ಲಿ ಬಣ್ಣದ ಕಣ ಕಡಿಮೆ ಆಗಿದೆ ಅಷ್ಟೇ. ನನಗೆ ಸಿಟ್ಟು ಬರುವುದು ಒಂದಕ್ಕೇ. ಆಪರೇಷನ್ ಮುಂಚೆ ನನಗೆ ತೋರಿಸಿದ ಫೋಟೋಗಳೆಲ್ಲ ಬಿಳಿ ಚರ್ಮದ ಹೆಂಗಸರದ್ದು. ಅವರ ತೊಟ್ಟು ಮೊದಲೂ ಗುಲಾಬಿ, ಆಮೇಲೂ ಗುಲಾಬಿ, ವ್ಯತ್ಯಾಸ ಕಾಣುವುದೇ ಇಲ್ಲ. ನಮ್ಮ ಬಣ್ಣದವರಿಗೆ ಹೇಗೆ ಕಾಣುತ್ತದೆ ಅಂತ ತೋರಿಸಬೇಕಿತ್ತು ಅಲ್ವಾ?

ಇಷ್ಟಾದರೂ ಹೆಗಲು ನೋವು ಹೋಯಿತು, ಕಡೂರಿನಿಂದ ಬೆಂಗಳೂರಿಗೆ ಬಸ್ಸಲ್ಲಿ ನಿಂತುಕೊಂಡೂ ಹೋಗಬಲ್ಲೆ. ಮತ್ತೆ ಕೇಳಿದರೂ ಮಾಡಿಸಿಕೊಳ್ಳುತ್ತೇನೆ.

ರಾತ್ರಿಪಾಳಿ:
ಪ್ಲಾಸ್ಟಿಕ್ ಸರ್ಜರಿ ವಾರ್ಡಿನಲ್ಲಿ ನರ್ಸ್ ನಾನು. ಇಲ್ಲಿಂದ ನಿಮ್ಮ ಗಾಯ ನೋಡೋಕಾಗಲ್ಲ, ಆದರೆ ಒಳಗೆ ಏನು ನಡೆಯುತ್ತಿರುತ್ತದೆ ಅಂತ ಹೇಳಬಹುದು.

ಗ್ರಾಫ್ಟ್ ಅಂದರೆ ತೊಟ್ಟನ್ನೂ ಸುತ್ತಲಿನ ಕಪ್ಪು ವೃತ್ತವನ್ನೂ ಚರ್ಮದ ತುಂಡಾಗಿ ಪೂರ್ತಿ ಬಿಡಿಸಿ, ಅದರ ಹಿಂದಿನ ಕೊಬ್ಬು ತೆಗೆದು ತೆಳ್ಳಗೆ ಮಾಡಿ, ಹೊಸ ಜಾಗದಲ್ಲಿ ಹೊಲಿಯುವುದು. ಆ ಕ್ಷಣದಲ್ಲಿ ಅದಕ್ಕೆ ರಕ್ತ ಇಲ್ಲ, ನರ ಇಲ್ಲ. ಮೊದಲ ಒಂದೆರಡು ದಿನ ಕೆಳಗಿನ ಗಾಯದಿಂದ ಒಸರುವ ದ್ರವ ಹೀರಿಕೊಂಡೇ ಬದುಕಿರುತ್ತದೆ. ಆಮೇಲೆ ಕೆಳಗಿನ ಸಣ್ಣ ರಕ್ತನಾಳಗಳು ಇದರ ನಾಳಗಳಿಗೆ ಕೂಡಿಕೊಳ್ಳುತ್ತವೆ. ಆ ಹತ್ತಿಯ ಗಂಟು ಅದಕ್ಕೇ, ಗ್ರಾಫ್ಟ್ ಅಲುಗಾಡಬಾರದು, ಕೆಳಗೆ ರಕ್ತ ನಿಲ್ಲಬಾರದು. ರಕ್ತ ಸಿಗುವುದು ತಡವಾದ ಆ ದಿನಗಳಲ್ಲಿ ಮೇಲಿನ ತೆಳು ಪದರ ಸತ್ತು ಕಪ್ಪಾಗುವುದು ತುಂಬಾ ಮಾಮೂಲಿ. ಬಣ್ಣ ಕೊಡುವ ಕಣಗಳು ಇರುವುದು ಅದೇ ಮೇಲಿನ ಪದರದ ತಳದಲ್ಲಿ. ಪದರ ಉದುರಿದರೆ ಅವೂ ಹೋಗುತ್ತವೆ, ಉಳಿದವು ಮತ್ತೆ ಹರಡುತ್ತಾ ಬಣ್ಣ ತರುತ್ತವೆ. ಪ್ಯಾಚ್ ಬರುವುದು ಹೀಗೆ. ಹಾಲಿನ ನಾಳಗಳೂ ಕೊಬ್ಬೂ ಹಿಂದೆ ಇಲ್ಲದ ಕಾರಣ ತೊಟ್ಟು ಚಪ್ಪಟೆಯಾಗುತ್ತದೆ.

ಯಜಮಾನರಿಗೆ ಹೇಳಿ, ಇದು ಹೊಸ ಪ್ರಯೋಗ ಅಲ್ಲ. ಷಿಕಾಗೋದ ಮ್ಯಾಕ್ಸ್ ಥೋರೆಕ್ ಅನ್ನುವ ಸರ್ಜನ್ ಈ ವಿಧಾನವನ್ನ 1922ರಲ್ಲೇ ಬರೆದಿದ್ದಾರೆ. ಈಗ ಹೆಚ್ಚಿನವರಿಗೆ ತೊಟ್ಟನ್ನ ಕೆಳಗಿನ ಮಾಂಸದ ಜೊತೆಗೇ ಉಳಿಸಿಕೊಂಡು ಮೇಲೆ ತರುತ್ತಾರೆ. ಎದೆ ತುಂಬಾ ಉದ್ದ ಇದ್ದಾಗ, ಒಂದೊಂದು ಕಡೆ ಕಿಲೋಗಿಂತ ಜಾಸ್ತಿ ತೆಗೆಯುವಾಗ, ಶುಗರ್ ಅಥವಾ ಸಿಗರೇಟ್ ಇದ್ದಾಗ ಗ್ರಾಫ್ಟ್ ಮಾತು ಬರುತ್ತದೆ.

ಒಣಗಿದ ಕಪ್ಪು, ವಾಸನೆ ಇಲ್ಲ ಅಂದರೆ ಸಾಮಾನ್ಯವಾಗಿ ಕಾಯಬಹುದು. ಆದರೆ ಒದ್ದೆಯಾಗಿ ಬೂದು ಅಥವಾ ಹಸಿರು ಬಣ್ಣಕ್ಕೆ ತಿರುಗಿದರೆ, ಕೆಟ್ಟ ವಾಸನೆ, ಕೀವು, ಜ್ವರ ಬಂದರೆ, ಸುತ್ತಲಿನ ಕೆಂಪು ದಿನದಿಂದ ದಿನಕ್ಕೆ ಅಗಲವಾದರೆ, ಒಂದು ಕಡೆ ಎದೆ ಬಿಗಿದು ಊದಿದರೆ, ಚೆಕಪ್ ದಿನಕ್ಕೆ ಕಾಯಬೇಡಿ, ಅವತ್ತೇ ಹೋಗಿ. ಶುಗರ್ ಇರುವವರು ಇದರಲ್ಲಿ ಸ್ವಲ್ಪವೂ ತಡ ಮಾಡಬಾರದು. ಹಕ್ಕಳೆ ಕೀಳಬೇಡಿ, ಅಂಚು ಎದ್ದಿದೆ ಅಂತ ಕತ್ತರಿ ಹಾಕಬೇಡಿ. ಅರಿಶಿನ ಎಣ್ಣೆ ಅಡುಗೆಮನೆಯಲ್ಲೇ ಇರಲಿ. ಡಾಕ್ಟರು ಕೊಟ್ಟ ಮುಲಾಮು ಮಾತ್ರ. ಮನೆಯಲ್ಲಿ ಯಾರಾದರೂ ಸಿಗರೇಟ್ ಸೇದುತ್ತಿದ್ದರೆ ಹೊರಗೆ ಕಳಿಸಿ. ಪೂರ್ತಿ ಗ್ರಾಫ್ಟ್ ಹೋಗುವುದೂ ಅಪರೂಪಕ್ಕೆ ಇದೆ, ಆಗಲೂ ಹೆಚ್ಚಾಗಿ ಡ್ರೆಸಿಂಗಿನಲ್ಲೇ ಗಾಯ ಮಾಯುತ್ತದೆ, ವಾರಗಟ್ಟಲೆ ಹಿಡಿಯುತ್ತದೆ, ಅಷ್ಟೇ.

ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ, ಕೇಳಿದರೆ ಫೋಟೋ ಕಳಿಸಿ. ಅವರಿಗೆ ಮಾತ್ರ. ಇಲ್ಲಿ ಹಾಕಬೇಡಿ, ಯಾರು ಕೇಳಿದರೂ ಇನ್‌ಬಾಕ್ಸಿಗೂ ಕಳಿಸಬೇಡಿ.

ನೇರಮಾತು88:
ದೇವರು ಕೊಟ್ಟಿದ್ದನ್ನ ಕತ್ತರಿಸಿಕೊಂಡು ಆಮೇಲೆ ಅಳೋದು ಯಾಕೆ? ವಾಕಿಂಗ್ ಮಾಡಿದ್ದರೆ ಕರಗುತ್ತಿತ್ತು.

ಹಗುರ_ಹೆಗಲು:
@ನೇರಮಾತು88 ಎರಡು ಕಿಲೋ ತೂಕ ಕತ್ತಿಗೆ ನೇತುಹಾಕಿಕೊಂಡು ಒಂದು ವಾರ ವಾಕಿಂಗ್ ಮಾಡಿ ಬನ್ನಿ, ಆಮೇಲೆ ಮಾತಾಡೋಣ.

ಮಳೆಹುಡುಗಿ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ನನಗೆ 24, ಮದುವೆ ಆಗಿಲ್ಲ. ನನಗೂ ಗ್ರಾಫ್ಟ್ ಬೇಕಾಗಬಹುದು ಅಂದಿದ್ದಾರೆ. ಮುಂದೆ ಮಗುವಿಗೆ ಹಾಲು ಕುಡಿಸೋಕೆ ಆಗುತ್ತಾ?

ರಾತ್ರಿಪಾಳಿ:
@ಮಳೆಹುಡುಗಿ ಗ್ರಾಫ್ಟ್ ಆದರೆ ಆಗಲ್ಲ. ನಾಳಗಳು ಕತ್ತರಿಸಿ ಹೋಗಿರುತ್ತವೆ, ಹೆರಿಗೆ ಆದ ಮೇಲೆ ಒಳಗೆ ಹಾಲು ಕಟ್ಟಿದರೂ ಹೊರಗೆ ಬರೋಕೆ ದಾರಿ ಇರಲ್ಲ. ನಿಮ್ಮ ವಯಸ್ಸಿಗೆ ಇನ್ನೊಬ್ಬ ಸರ್ಜನ್ ಹತ್ತಿರ ಕೇಳುವುದು ಒಳ್ಳೆಯದು. ತೊಟ್ಟನ್ನ ಮಾಂಸದ ಜೊತೆಗೇ ಉಳಿಸೋಕೆ ಆಗುತ್ತಾ ಅಂತ ನೇರವಾಗಿ ಕೇಳಿ. ಆಪರೇಷನ್ ಟೇಬಲ್ ಮೇಲೆ ತೊಟ್ಟಿಗೆ ರಕ್ತ ಓಡುತ್ತಿಲ್ಲ ಅಂತ ಕಂಡರೆ ಅಲ್ಲೇ ಗ್ರಾಫ್ಟಿಗೆ ಬದಲಾಯಿಸುವುದೂ ಉಂಟು, ಅದರ ಬಗ್ಗೆಯೂ ಮುಂಚೆಯೇ ಮಾತಾಡಿಕೊಳ್ಳಿ.

ಥೇಮ್ಸ್_ತುಂಗಾ:
ನಾನು ಶಿವಮೊಗ್ಗದವಳು, ಈಗ ಇಂಗ್ಲೆಂಡಿನಲ್ಲಿದ್ದೇನೆ. ಬಣ್ಣದ ವಿಷಯಕ್ಕೆ ಬಂದರೆ ಮೆಡಿಕಲ್ ಟ್ಯಾಟೂ ಅಂತ ಒಂದಿದೆ. ಕ್ಯಾನ್ಸರ್ ಆಗಿ ಎದೆ ತೆಗೆಸಿದವರಿಗೂ ಇದನ್ನೇ ಮಾಡುವುದು. ನಾನು ಗ್ರಾಫ್ಟ್ ಆಗಿ ವರ್ಷ ಕಳೆದ ಮೇಲೆ ಮಾಡಿಸಿದೆ. ಮಾಡಿದ ನರ್ಸ್ ನನ್ನ ಉಳಿದ ಕಂದು ಭಾಗಕ್ಕೆ ಹೊಂದಲಿ ಅಂತ ಮೂರ್ನಾಲ್ಕು ಬಣ್ಣ ಕಲಸಿ ಪಕ್ಕದ ಚರ್ಮದ ಮೇಲೆ ಒಂದೊಂದು ಬೊಟ್ಟು ಇಟ್ಟು ನೋಡಿದಳು. ಮುಂಗೈಗೆ ಇಟ್ಟು ನೋಡಿದರೆ ಸಾಲದು, ಅಲ್ಲಿನ ಬಣ್ಣವೇ ಬೇರೆ. ಮೊದಲು ತೀರಾ ಗಾಢವಾಗಿ ಕಾಣುತ್ತದೆ, ಹೆದರಬೇಡಿ, ವಾರಗಳಲ್ಲಿ ತಿಳಿಯಾಗುತ್ತದೆ. ವರ್ಷಗಳು ಹೋದ ಹಾಗೆ ಇನ್ನೂ ಮಾಸುತ್ತದೆ, ಮತ್ತೆ ಹಾಕಿಸಬೇಕಾಗಬಹುದು. ನೆರಳು ಕೊಟ್ಟು ಹಾಕಿದರೆ ಚಪ್ಪಟೆ ಇದ್ದರೂ ಎದ್ದ ಹಾಗೆ ಕಾಣುತ್ತದೆ. ನಿಜವಾಗಿಯೂ ಎದ್ದಿರಬೇಕು ಅಂದರೆ ಅಲ್ಲಿನ ಚರ್ಮವನ್ನೇ ಮಡಚಿ ಹೊಲಿದು ತೊಟ್ಟು ಮಾಡುವ ಸಣ್ಣ ಆಪರೇಷನ್ ಇದೆ, ಅದೂ ಕಾಲ ಕಳೆದಂತೆ ಸ್ವಲ್ಪ ತಗ್ಗುತ್ತದೆ. ಆತುರ ಬೇಡ. ಬಣ್ಣ ತಾನಾಗಿ ಬರುತ್ತಿರುವಾಗ ಟ್ಯಾಟೂ ಹಾಕಿಸಿದರೆ ಆಮೇಲೆ ಎರಡು ಬಣ್ಣ ಆಗಿ ಕೂರುತ್ತದೆ. ಊರಲ್ಲಿ ಜಾತ್ರೆ ಬೀದಿಯಲ್ಲಿ ಹಚ್ಚೆ ಹಾಕುವವರ ಹತ್ತಿರ ಮಾತ್ರ ಹೋಗಬೇಡಿ ದಯವಿಟ್ಟು :)

ಬೆಣ್ಣೆನಗರಿ:
ಎಲ್ಲರಿಗೂ ಥ್ಯಾಂಕ್ಸ್. ಫೋನ್ ಮಾಡಿದೆ, ಬಂದು ತೋರಿಸಿ ಅಂದರು, ಹೋಗಿ ಬಂದೆ. ಬಲಗಡೆ ಒಣಗಿದೆ, ತಾನಾಗೇ ಬೀಳುತ್ತದೆ ಅಂದರು. ಎಡಗಡೆ ಅಂಚಿನಲ್ಲಿ ಒಂದು ಚೂರು ಒದ್ದೆ ಇದೆ, ಅದಕ್ಕೆ ಬೇರೆ ಡ್ರೆಸಿಂಗ್ ಕೊಟ್ಟಿದ್ದಾರೆ, ಶುಗರ್ ಮತ್ತೆ ಚೆಕ್ ಮಾಡಿಸಿ ಮಾತ್ರೆ ಜಾಸ್ತಿ ಮಾಡಿದರು. ಬಿಳಿ ಮಚ್ಚೆ ಬಗ್ಗೆ ಕೇಳಿದೆ, ಬರಬಹುದು, ಬಂದರೆ ಆಮೇಲೆ ನೋಡೋಣ ಅಂದರು. ಇದನ್ನ ಮೊದಲೇ ಹೇಳೋಕೆ ಏನಾಗಿತ್ತೋ! ಇನ್ನೊಂದು ವಿಷಯ, ಈ ಸರ್ಜಿಕಲ್ ಬ್ರಾ ತೊಟ್ಟಿಗೆ ಉಜ್ಜುತ್ತದೆ, ಡ್ರೆಸಿಂಗ್ ಅಂಟಿಕೊಳ್ಳುತ್ತದೆ. ಏನು ಮಾಡುತ್ತಿದ್ದಿರಿ?

ಹಗುರ_ಹೆಗಲು:
ವ್ಯಾಸಲಿನ್ ಗಾಜ್ ಕೇಳಿ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅಂಟಿಕೊಳ್ಳಲ್ಲ. ಡಾಕ್ಟರು ಹೂಂ ಅಂದರೆ ಅದರ ಮೇಲೆ ಒಣ ಗಾಜ್ ಬಟ್ಟೆಯನ್ನ ದಪ್ಪಗೆ ಮಡಚಿ, ಮಧ್ಯೆ ತೊಟ್ಟಿನಷ್ಟು ತೂತು ಮಾಡಿ ಇಡಿ. ಆಗ ಬ್ರಾ ಒತ್ತುವುದು ಸುತ್ತಲೂ, ತೊಟ್ಟಿನ ಮೇಲೆ ಅಲ್ಲ. ಅಂಟಿಕೊಂಡಿದ್ದರೆ ಎಳೀಬೇಡಿ, ಸಲೈನ್ ಹಾಕಿ ನೆನೆಸಿ ಬಿಡಿಸಿ. ಮುಂದೆ ಜಿಪ್ ಇರುವ ಬ್ರಾ ತಗೊಳ್ಳಿ, ಕೈ ಹಿಂದಕ್ಕೆ ತಿರುಗಿಸುವ ಕಷ್ಟ ಇರಲ್ಲ.